ಸಮರ್ಕಂದ ತೈಮೂರನ ಆಸ್ತಿಯಲ್ಲ

ಸಮರ್ಕಂದದ ಬಗ್ಗೆ ಕನ್ನಡದಲ್ಲಿ ಬರುವ ಪ್ರವಾಸ ಕಥನಗಳು, ಭಾನುವಾರದ ಪುರವಣಿಯ ಲೇಖನಗಳು, ಟ್ರಾವೆಲ್ ಏಜೆನ್ಸಿಗಳ ಬಣ್ಣದ ಕರಪತ್ರಗಳು, ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ ನೋಡಿ. ಒಂದೇ ಕೈ ಬರೆದಂತೆ ಇರುತ್ತದೆ. ರೇಷ್ಮೆ ಹಾದಿಯ ರತ್ನ. ಒಂಟೆಗಳ ಸಾಲು. ನೀಲಿ ಗುಮ್ಮಟಗಳು. ಮಹಾಶೂರ ತೈಮೂರ ಕಟ್ಟಿಸಿದ ಕನಸಿನ ನಗರಿ. ಪೂರ್ವವೂ ಪಶ್ಚಿಮವೂ ಕೂಡಿದ ಜಾಗ. ಕೊನೆಗೆ ರೆಗಿಸ್ತಾನ್ ಚೌಕದಲ್ಲಿ ಇಳಿಸಂಜೆಯ ಒಂದು ಫೋಟೊ, ಅದರ ಕೆಳಗೆ ಕಾಲ ಇಲ್ಲಿ ನಿಂತಿದೆ ಎಂಬ ಅಡಿಬರಹ. ಬರೆದವರು ಬೇರೆ ಬೇರೆ, ಹೋದ ವರ್ಷ ಬೇರೆ ಬೇರೆ. ಕಂಡದ್ದು ಮಾತ್ರ ಒಂದೇ, ಯಾಕೆಂದರೆ ಹೋಗುವ ಮೊದಲೇ ಅವರು ಅದನ್ನು ಕಂಡಾಗಿತ್ತು.

ಪಾಪ, ಪ್ರವಾಸಿ ಖುಷಿಪಡಲಿ ಬಿಡಿ, ಅದಕ್ಕೇಕೆ ಕಲ್ಲು ಹಾಕುತ್ತೀರಿ ಎನ್ನಬಹುದು. ಇದು ಬರೀ ಸುಳ್ಳು ಚಿತ್ರವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ಚಿತ್ರಕ್ಕೆ ಹೊಂದುವಂತೆ ಊರನ್ನೇ ಕತ್ತರಿಸಿ ಸರಿಮಾಡುವ ಕೆಲಸ ನಡೆದಿದೆ, ನಡೆಯುತ್ತಲೂ ಇದೆ. ಕರಪತ್ರದಲ್ಲಿ ಇಲ್ಲದ ಬೀದಿ ಬೇಡ, ಕರಪತ್ರದಲ್ಲಿ ಇಲ್ಲದ ಜನ ಬೇಡ, ಕರಪತ್ರದಲ್ಲಿ ಇಲ್ಲದ ಭಾಷೆ ಬೇಡ. ಎರಡೂವರೆ ಸಾವಿರ ವರ್ಷ ಹಳೆಯದಾದ ಒಂದು ವ್ಯಾಪಾರಿ ನಗರವನ್ನು ಒಬ್ಬ ದಂಡನಾಯಕನ ಮೂವತ್ತೈದು ವರ್ಷದ ಆಳ್ವಿಕೆಗೆ ಗಂಟುಹಾಕಿ, ಉಳಿದದ್ದನ್ನೆಲ್ಲ ಕಸದಂತೆ ಗುಡಿಸಿ ಹಾಕುತ್ತಿದ್ದೇವೆ. ಗುಡಿಸುವ ಕೈ ಅಲ್ಲಿಯ ಸರ್ಕಾರದ್ದು ಇರಬಹುದು. ಪೊರಕೆಗೆ ಹಿಡಿ ಹಾಕಿ ಕೊಟ್ಟವರು ನಾವೆಲ್ಲ.

ಮೊದಲು ಆ ಪ್ರಸಿದ್ಧ ಫೋಟೊವನ್ನೇ ತೆಗೆದುಕೊಳ್ಳಿ. ರೆಗಿಸ್ತಾನಿನ ಮೂರು ಮದರಸಾಗಳ ಮುಂದೆ ನಿಂತು ತೈಮೂರನ ವೈಭವ ಎಂದು ಉದ್ಗರಿಸದ ಪ್ರವಾಸಿ ಅಪರೂಪ. ಆ ಮೂರರಲ್ಲಿ ತೈಮೂರ ಕಟ್ಟಿಸಿದ್ದು ಯಾವುದು? ಒಂದೂ ಇಲ್ಲ. ಎಡಗಡೆಯದ್ದು ಅವನ ಮೊಮ್ಮಗ ಉಲುಗ್ ಬೇಗ್ 1417ರಿಂದ 1420ರ ನಡುವೆ ಕಟ್ಟಿಸಿದ್ದು. ಎದುರಿನ ಶೇರ್‌ದಾರ್ ಮದರಸಾ ಕಟ್ಟಲು ಶುರುವಾದದ್ದು 1619ರಲ್ಲಿ, ಮಧ್ಯದ ತಿಲ್ಯಾಕಾರಿ 1646ರಲ್ಲಿ. ಎರಡನ್ನೂ ಕಟ್ಟಿಸಿದವನು ಯಲಂಗ್‌ತೂಷ್ ಬಹಾದೂರ್ ಎಂಬ ಪ್ರಾಂತಾಧಿಕಾರಿ. ತೈಮೂರ ಸತ್ತು ಆಗಲೇ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು, ಅವನ ವಂಶ ಊರು ಬಿಟ್ಟು ಓಡಿ ನೂರು ವರ್ಷದ ಮೇಲಾಗಿತ್ತು. ಆದರೂ ಯಲಂಗ್‌ತೂಷನ ಹೆಸರನ್ನು ಎಷ್ಟು ಜನ ಪ್ರವಾಸಿಗಳು ಮನೆಗೆ ತಂದಿದ್ದಾರೆ?

ಇನ್ನು ಆ ಕಾಲ ನಿಂತಿದೆ ಎಂಬ ಮಾತು. ತಿಲ್ಯಾಕಾರಿಯ ಮೇಲೆ ಹೊಳೆಯುವ ನೀಲಿ ಗುಮ್ಮಟ ಸೋವಿಯತ್ ಕಾಲದ ದುರಸ್ತಿಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ, ಏರಿ ಕೂತದ್ದು. ಉಲುಗ್ ಬೇಗ್ ಮದರಸಾದ ವಾಲಿದ್ದ ಮಿನಾರನ್ನು ನೆಟ್ಟಗೆ ಮಾಡಿದ್ದು 1932ರಲ್ಲಿ, ರಷ್ಯದ ಎಂಜಿನಿಯರ್ ಶುಖೋವ್ ಹಾಕಿಕೊಟ್ಟ ಯೋಜನೆಯಂತೆ. ತೈಮೂರನದೇ ಆದ ಬೀಬಿ ಖಾನಮ್ ಮಸೀದಿ ಕಟ್ಟಿದ ಕೆಲವೇ ಕಾಲದಲ್ಲಿ ಬಿರುಕುಬಿಡತೊಡಗಿ, 1897ರ ಭೂಕಂಪದಲ್ಲಿ ಅರ್ಧ ಕುಸಿದು ಪಾಳುಬಿದ್ದಿತ್ತು. 1970ರ ದಶಕದಲ್ಲಿ ಕಾಂಕ್ರೀಟು ಸುರಿದು ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಲಾಯಿತು. ದುರಸ್ತಿ ತಪ್ಪೆನ್ನುತ್ತಿಲ್ಲ. ಸೋವಿಯತ್ ಗಾರೆಯವರ ಕೆಲಸದ ಎದುರು ನಿಂತು ಹದಿನೈದನೆಯ ಶತಮಾನದ ಗಾಳಿ ಬೀಸಿತೆಂದು ಬರೆಯುವುದು ಮಾತ್ರ ಓದುಗರಿಗೆ ಮಾಡುವ ಮೋಸ.

ತೈಮೂರ ಈ ಊರಿನ ಬಗ್ಗೆ ಏನು ಅಂದುಕೊಂಡಿದ್ದ ಎಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷಿಯಿದೆ. ಸ್ಪೇನಿನ ಕ್ಯಾಸ್ಟೀಲ್ ದೊರೆಯ ರಾಯಭಾರಿ ಕ್ಲಾವಿಹೋ 1404ರಲ್ಲಿ ಸಮರ್ಕಂದದಲ್ಲಿದ್ದ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಗಡಿ ಸಾಲಿನ ಬೀದಿಯೊಂದು ಆಗಬೇಕೆಂದು ತೈಮೂರನ ಅಪ್ಪಣೆಯಾಯಿತು. ದಾರಿಗೆ ಅಡ್ಡ ಬಂದ ಮನೆಗಳನ್ನೆಲ್ಲ ಕೆಡವಿದರು. ಮನೆಯವರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಓಡಿದರು. ಕೆಲಸ ಹಗಲು ರಾತ್ರಿ ನಡೆಯಿತು, ಒಂದು ಪಾಳಿಯವರು ಕೆಡವಿ ಹೋದ ಮೇಲೆ ಇನ್ನೊಂದು ಪಾಳಿಯವರು ಕಟ್ಟುತ್ತಿದ್ದರು. ಇಪ್ಪತ್ತು ದಿನದಲ್ಲಿ ಬೀದಿ ಸಿದ್ಧ. ಮನೆ ಕಳೆದುಕೊಂಡವರ ಪರವಾಗಿ ಕೆಲವು ಹಿರಿಯರು ಚದುರಂಗದ ಹಾಸಿನ ಮುಂದೆ ಕೂತಿದ್ದ ತೈಮೂರನ ಬಳಿ ಪರಿಹಾರದ ಮಾತೆತ್ತಿದರಂತೆ. ಅವನು ಸಿಡಿದೆದ್ದು, ಈ ಊರು ನನ್ನದು, ದುಡ್ಡು ಕೊಟ್ಟು ಕೊಂಡಿದ್ದೇನೆ, ಕಾಗದಪತ್ರ ನನ್ನ ಬಳಿ ಇದೆ, ನಾಳೆ ತೋರಿಸುತ್ತೇನೆ ಎಂಬರ್ಥದ ಮಾತಾಡಿದನೆಂದು ಕ್ಲಾವಿಹೋ ಬರೆದಿಟ್ಟಿದ್ದಾನೆ.

ಆರು ನೂರು ವರ್ಷವಾಯಿತು. ಆ ಕಾಗದಪತ್ರವನ್ನು ಯಾರೂ ನೋಡಿಲ್ಲ. ಆದರೆ ಜಗತ್ತಿನ ಅರ್ಧ ಪ್ರವಾಸ ಸಾಹಿತ್ಯ ಅದಕ್ಕೆ ಸಾಕ್ಷಿ ರುಜು ಹಾಕಿ ಕೂತಿದೆ.

ಕಟ್ಟಿದವರು ಯಾರು ಎಂದು ಕೇಳೋಣ. ತೈಮೂರ ಗೆದ್ದ ಊರುಗಳಲ್ಲಿ ಜನರನ್ನು ಕಡಿಸುವಾಗ ಒಂದು ವರ್ಗವನ್ನು ಉಳಿಸುತ್ತಿದ್ದ: ಕುಶಲಕರ್ಮಿಗಳನ್ನು. ಡಮಾಸ್ಕಸ್ಸಿನ ನೇಯ್ಗೆಯವರು, ಗಾಜಿನವರು, ಬಿಲ್ಲು ಮಾಡುವವರು, ಇರಾನಿನ ಹೆಂಚಿನವರು, ಹಿಂದುಸ್ತಾನದ ಕಲ್ಲುಕುಟಿಗರು, ಹೀಗೆ ಕುಟುಂಬ ಸಮೇತ ಸೆರೆಹಿಡಿದು ಸಮರ್ಕಂದಕ್ಕೆ ಅಟ್ಟಿದ. 1387ರಲ್ಲಿ ಇಸ್ಫಹಾನ್ ತಿರುಗಿಬಿದ್ದಾಗ ಅಲ್ಲಿ 70,000 ತಲೆಗಳನ್ನು ಕಡಿಸಿ ಗೋಪುರ ಕಟ್ಟಿಸಿದನೆಂದು ಆ ಕಾಲದ ಚರಿತ್ರೆಗಳೇ ಹೇಳುತ್ತವೆ. ಈಗ ಅವನ ಗೋರಿ ಗೂರ್ ಎ ಅಮೀರ್‌ಗೆ ಹೋಗಿ ಹೆಬ್ಬಾಗಿಲ ಬರಹವನ್ನು ಓದಿಸಿ ಕೇಳಿ. ಅಲ್ಲಿರುವ ಕಟ್ಟಡಗಾರನ ಹೆಸರು ಮುಹಮ್ಮದ್ ಬಿನ್ ಮಹಮೂದ್, ಇಸ್ಫಹಾನಿನವನು. ಗೈಡುಗಳು ಈ ಬಾಗಿಲಲ್ಲಿ ಏನು ಹೇಳುತ್ತಾರೆ? 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ಗೋರಿ ತೆರೆದ, ಶಾಪ ತಗುಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದ ಎಂಬ ಕಥೆ. ಲಕ್ಷಗಟ್ಟಲೆ ಜರ್ಮನ್ ಸೈನಿಕರು ಅಷ್ಟು ಹೊತ್ತಿಗೆ ಗಡಿಯಲ್ಲಿ ಬೀಡುಬಿಟ್ಟು ಆಗಿತ್ತು, ಆದರೆ ಶಾಪ ಮಾರಾಟವಾಗುತ್ತದೆ, ಇಸ್ಫಹಾನಿನ ಮೇಸ್ತ್ರಿ ಮಾರಾಟವಾಗುವುದಿಲ್ಲ.

ಬೀಬಿ ಖಾನಮ್ ಮಸೀದಿಗೆ ಅಡಿಪಾಯ ಬಿದ್ದದ್ದು 1399ರಲ್ಲಿ. ಅದರ ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ತೈಮೂರ ಎಲ್ಲಿದ್ದ ಎಂದು ಭಾರತದ ಶಾಲಾ ಮಕ್ಕಳಿಗೂ ಗೊತ್ತು. ದೆಹಲಿಯ ಕಾಳಗಕ್ಕೆ ಮುಂಚೆ ಒಂದು ಲಕ್ಷ ಸೆರೆಯಾಳುಗಳನ್ನು ಕೊಲ್ಲಿಸಿದನೆಂದು ಅವನ ಆಸ್ಥಾನದ ಚರಿತ್ರಕಾರರೇ ಹೆಮ್ಮೆಯಿಂದ ಬರೆದರು. ಆ ಮಸೀದಿಯ ಕಲ್ಲು ಎಳೆದದ್ದು ಹಿಂದುಸ್ತಾನದಿಂದ ಒಯ್ದ 95 ಆನೆಗಳು ಎಂದೂ ಅವರೇ ಬರೆದರು. ಗುಂಡಿಯಲ್ಲಿ ದುಡಿಯುತ್ತಿದ್ದವರತ್ತ ಮುದಿ ತೈಮೂರ ಮೇಲಿನಿಂದ ಬೇಯಿಸಿದ ಮಾಂಸದ ತುಂಡುಗಳನ್ನು ಎಸೆಯುತ್ತಿದ್ದುದನ್ನು ಕ್ಲಾವಿಹೋ ದಾಖಲಿಸಿದ್ದಾನೆ. ಇದನ್ನು ಕನಸಿನ ನಗರಿ ಎನ್ನುತ್ತೇವೆ! ಕಂಡವರ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಮಾಡಿದವನಿಗೆ ನಾವು ಕೊಡುವ ಬಿರುದು ಕಲಾಪೋಷಕ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಭಾರತದಲ್ಲಿ ತೈಮೂರ ರಾಕ್ಷಸ, ತಾಷ್ಕೆಂಟಿನಲ್ಲಿ ರಾಷ್ಟ್ರಪಿತ. ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದಾರೆಂದು ಮೇಲ್ನೋಟಕ್ಕೆ ಕಾಣುತ್ತದೆ. ಅವನನ್ನು ಶಪಿಸುವವರೂ ಪೂಜಿಸುವವರೂ ಸಮರ್ಕಂದ ಅವನದ್ದೇ ಎನ್ನುವುದರಲ್ಲಿ ಒಮ್ಮತದಿಂದಿದ್ದಾರೆ. 1220ರಲ್ಲಿ ಚೆಂಗೀಸ್ ಖಾನನ ಸೇನೆ ಬಂದು ಹಾಳುಮಾಡುವವರೆಗೆ ಅಲ್ಲಿ ಒಂದು ಸಾವಿರದ ಏಳುನೂರು ವರ್ಷಕ್ಕೂ ಮಿಕ್ಕಿ ಬಾಳಿದ ಊರಿತ್ತು ಎಂಬುದು ಎರಡೂ ಪಕ್ಷಕ್ಕೆ ಬೇಡದ ವಿಷಯ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಉಜ್ಬೆಕಿಸ್ತಾನಕ್ಕೆ ಒಬ್ಬ ಮೂಲಪುರುಷ ಬೇಕಾಗಿದ್ದ. ಸಮರ್ಕಂದದಲ್ಲೇ ಹುಟ್ಟಿದ ಅಧ್ಯಕ್ಷ ಇಸ್ಲಾಂ ಕರೀಮೊವ್ 1993ರಲ್ಲಿ ತಾಷ್ಕೆಂಟಿನ ನಡುಮಧ್ಯೆ, ಕಾರ್ಲ್ ಮಾರ್ಕ್ಸ್ ಇದ್ದ ಜಾಗದಲ್ಲಿ, ಕುದುರೆಯೇರಿದ ತೈಮೂರನನ್ನು ನಿಲ್ಲಿಸಿದರು. ಶಹರಿಸಬ್ಜ್‌ನಲ್ಲಿ ನಿಂತ ತೈಮೂರ, ಸಮರ್ಕಂದದಲ್ಲಿ ಕುಳಿತ ತೈಮೂರ. 1996ರಲ್ಲಿ ಅವನ 660ನೆಯ ಜಯಂತಿ, ಹೊಸ ಮ್ಯೂಸಿಯಂ. ಇದರಲ್ಲಿರುವ ತಮಾಷೆಯನ್ನು ಅಲ್ಲಿ ಗಟ್ಟಿಯಾಗಿ ಹೇಳುವವರು ಕಡಿಮೆ. ತೈಮೂರನ ವಂಶವನ್ನು ಸಮರ್ಕಂದದಿಂದ ಹೊಡೆದೋಡಿಸಿದವರು ಯಾರು? ಶೈಬಾನಿ ಖಾನನ ಉಜ್ಬೆಕ್ ಪಡೆ! ಅವರ ಕೈಯಲ್ಲಿ ಸೋತು, ಮೂರು ಸಲ ಊರನ್ನು ಹಿಡಿದು ಮೂರು ಸಲವೂ ಕಳೆದುಕೊಂಡ ಬಾಬರ್ ಕೊನೆಗೆ ಹಿಂದುಸ್ತಾನದ ದಾರಿ ಹಿಡಿದ. ಉಜ್ಬೆಕರ ಹೆಸರಿನ ದೇಶ ಉಜ್ಬೆಕರ ವೈರಿಯನ್ನೇ ತಂದೆಯೆಂದು ಪೀಠಕ್ಕೇರಿಸಿತು.

ಈ ಪೀಠಕ್ಕೆ ಹೊಂದುವ ಕಥೆಯೊಂದು ಹತ್ತಿರದಲ್ಲೇ ಇದೆ. ಸಮರ್ಕಂದದಿಂದ ಪೂರ್ವಕ್ಕೆ ಸುಮಾರು ಅರವತ್ತು ಕಿಲೋಮೀಟರ್ ದೂರದ, ಈಗಿನ ತಾಜಿಕಿಸ್ತಾನದ ಪಂಜಿಕೆಂಟ್‌ನಲ್ಲಿ, ಎಂಟನೆಯ ಶತಮಾನದ ವ್ಯಾಪಾರಿಗಳ ಮನೆಗಳ ಗೋಡೆಯಲ್ಲಿ ನಮ್ಮ ಪಂಚತಂತ್ರದ ಕಥೆಗಳ ಚಿತ್ರಗಳು ಸಿಕ್ಕಿವೆ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆಯುವ ಸುಮಾರು ಮುನ್ನೂರು ವರ್ಷ ಮೊದಲು ಆ ಕಥೆಗಳು ಅಲ್ಲಿ ಮನೆಯ ಗೋಡೆ ಏರಿದ್ದವು. ಅವುಗಳಲ್ಲಿ ಒಂದು, ವಿದ್ಯೆಯ ಜಂಬದಲ್ಲಿ ಸತ್ತ ಹುಲಿಯ ಎಲುಬು ಕೂಡಿಸಿ ಜೀವಕೊಟ್ಟು ಅದರ ಬಾಯಿಗೇ ಬಿದ್ದ ಪಂಡಿತರದು. 1993ರ ಪ್ರತಿಮೆಗೆ ಇದಕ್ಕಿಂತ ಒಳ್ಳೆಯ ಪೀಠಫಲಕ ಬೇಕಿರಲಿಲ್ಲ.

ಆ ಗೋಡೆಗಳ ಒಡೆಯರು ಸೊಗ್ದರು. ಜರಫ್ಶಾನ್ ನದಿಯ ಬಯಲಿನ ಜನ, ಇರಾನಿ ಬಳಗದ ಒಂದು ಭಾಷೆಯವರು. ಸಮರ್ಕಂದವನ್ನು ಸಮರ್ಕಂದ ಮಾಡಿದವರು ಅವರು. ಅಲೆಗ್ಸಾಂಡರ್ ಕ್ರಿಸ್ತಪೂರ್ವ 329ರಲ್ಲಿ ಬಂದಾಗ ಇಲ್ಲಿ ಕೋಟೆ ಕಟ್ಟಿ ಕೂತಿದ್ದವರು ಅವರೇ, ಕ್ರಿಸ್ತಶಕ 712ರಲ್ಲಿ ಅರಬ್ ಸೇನಾನಿ ಕುತೈಬಾ ಬಂದು ಅವರ ದೇವರ ಮೂರ್ತಿಗಳಿಗೆ ಬೆಂಕಿ ಇಟ್ಟಾಗಲೂ ಅವರೇ. ಅವರ ಊರು ಈಗ ಅಫ್ರಸಿಯಾಬ್ ಎಂಬ ಬೋಳುಗುಡ್ಡ, ಬೀಬಿ ಖಾನಮ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಇನ್ನೂರು ಹೆಕ್ಟೇರಿಗೂ ಹೆಚ್ಚಿನ ಮಣ್ಣು, ಅದರ ಕೆಳಗೆ ಪದರಪದರವಾಗಿ ಬೀದಿಗಳು. ಪ್ಯಾಕೇಜ್ ಟೂರಿನಲ್ಲಿ ಇದಕ್ಕೆ ಸಮಯ ಸಿಕ್ಕರೆ ಅರ್ಧ ಗಂಟೆ, ಸಿಗದಿದ್ದರೆ ಬಸ್ಸಿನ ಕಿಟಕಿಯಿಂದ ಒಂದು ನೋಟ.

ಆ ಗುಡ್ಡದಲ್ಲಿ 1965ರಲ್ಲಿ ರಸ್ತೆ ಕೆಲಸ ಮಾಡುವಾಗ ಒಂದು ಹಜಾರದ ಗೋಡೆಚಿತ್ರಗಳು ಸಿಕ್ಕವು. ಏಳನೆಯ ಶತಮಾನದ ದೊರೆ ವರ್ಖುಮಾನನ ಕಾಲದ್ದು. ರೇಷ್ಮೆ ಹಿಡಿದ ಚೀನೀಯರು, ತಲೆಗೆ ಗರಿ ಸಿಕ್ಕಿಸಿದ ಕೊರಿಯನ್ನರು, ಜಡೆ ಇಳಿಬಿಟ್ಟ ತುರ್ಕರು ಅಲ್ಲಿದ್ದಾರೆ. ಮತ್ತೊಂದು ಗೋಡೆಯಲ್ಲಿ ಭಾರತದ ದೃಶ್ಯಗಳಿವೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಒಬ್ಬ ರಾಯಭಾರಿಯ ಮಾತನ್ನು ಅಲ್ಲೇ ಸೊಗ್ದ ಲಿಪಿಯಲ್ಲಿ ಬರೆದಿದ್ದಾರೆ: ಸಮರ್ಕಂದದ ದೇವರುಗಳೂ ಅದರ ಬರವಣಿಗೆಯೂ ನನಗೆ ಗೊತ್ತು, ನನ್ನ ಮೇಲೆ ಸಂಶಯ ಬೇಡ ಎಂದು ಅವನು ದೊರೆಗೆ ಹೇಳುತ್ತಾನೆ. ಪರದೇಶದವನು ಈ ಊರಿಗೆ ಬಂದು ತನ್ನ ಅರ್ಹತೆ ಹೇಳಿಕೊಳ್ಳುವಾಗ ಊರಿನ ದೇವರು, ಊರಿನ ಅಕ್ಷರ ಎರಡನ್ನೂ ಬಲ್ಲೆ ಎನ್ನಬೇಕಾಗಿತ್ತು. ಇಂದಿನ ಪ್ರವಾಸಿಗೆ ಎರಡರಲ್ಲಿ ಒಂದರ ಹೆಸರಾದರೂ ಗೊತ್ತೆ? ಸಿಂಹದ ಮೇಲೆ ಕೂತ ನಾಲ್ಕು ಕೈಯ ನನಾ ದೇವಿಯ ಹೆಸರು ಕೇಳಿದ್ದಾರೆಯೆ?

ಊರಿನ ನಿಜವಾದ ಚರಿತ್ರೆ ಸಿಗುವುದು ಗುಮ್ಮಟದಲ್ಲಲ್ಲ, ಕಾಗದದಲ್ಲಿ. ಪುರಾತತ್ವಜ್ಞ ಆರೆಲ್ ಸ್ಟೈನ್ 1907ರಲ್ಲಿ ಚೀನಾದ ದುನ್‌ಹ್ವಾಂಗ್ ಬಳಿಯ ಒಂದು ಕಾವಲು ಗೋಪುರದಲ್ಲಿ ಸೊಗ್ದ ಪತ್ರಗಳ ಕಟ್ಟೊಂದನ್ನು ಕಂಡ. ನಾಲ್ಕನೆಯ ಶತಮಾನದ ಆರಂಭದವು, ತಲುಪದೇ ಉಳಿದವು. ಒಂದು ಸಮರ್ಕಂದದ ಧಣಿಗೆ ಬರೆದದ್ದು. ಬರೆದವನು ನನೈವಂದಕ್ ಎಂಬ ಏಜೆಂಟ. ಚೀನಾದ ರಾಜಧಾನಿ ಲೋಯಾಂಗ್ ಸುಟ್ಟುಹೋಯಿತು, ಚಕ್ರವರ್ತಿ ಓಡಿಹೋದ, ಅಲ್ಲಿದ್ದ ಭಾರತೀಯರೂ ಸೊಗ್ದರೂ ಹಸಿವಿನಿಂದ ಸತ್ತರು ಎಂದು ವರದಿ ಮಾಡುತ್ತಾನೆ. ಕೊನೆಗೆ ತಾನು ಕಳಿಸಿರುವ ಕಸ್ತೂರಿಯ ಲೆಕ್ಕ, ತನ್ನ ಮಗನ ಹೆಸರಿನಲ್ಲಿ ಇಟ್ಟಿರುವ ಹಣದ ವ್ಯವಸ್ಥೆ. ಇನ್ನೊಂದು ಮಿವ್ನಾಯ್ ಎಂಬ ಹೆಂಗಸಿನದು. ಗಂಡ ಅವಳನ್ನೂ ಮಗಳನ್ನೂ ದುನ್‌ಹ್ವಾಂಗ್‌ನಲ್ಲಿ ಬಿಟ್ಟು ಹೋಗಿದ್ದಾನೆ, ದುಡ್ಡಿಲ್ಲ, ಊರಿಗೆ ಕರೆದೊಯ್ಯಲು ಯಾರೂ ಒಪ್ಪುತ್ತಿಲ್ಲ. ನಿನ್ನ ಹೆಂಡತಿಯಾಗುವುದಕ್ಕಿಂತ ನಾಯಿಗೋ ಹಂದಿಗೋ ಹೆಂಡತಿಯಾಗುವುದು ಮೇಲಾಗಿತ್ತು ಎಂಬ ಧಾಟಿಯಲ್ಲಿ ಝಾಡಿಸಿ ಬರೆಯುತ್ತಾಳೆ. ಸಾವಿರದ ಏಳುನೂರು ವರ್ಷದ ನಂತರವೂ ಆ ಸಿಟ್ಟು ಆರಿಲ್ಲ. ಒಂಟೆಯ ಗಂಟೆ ಎಂದು ಬರೆಯುವ ಲೇಖಕರೇ, ಮಿವ್ನಾಯ್‌ಗೆ ನಿಮ್ಮ ಪುಟದಲ್ಲಿ ಎರಡು ಸಾಲು ಇಲ್ಲವೆ?

ಚೀನಾದ ತುರ್ಫಾನಿನಲ್ಲಿ ಸಿಕ್ಕ ಏಳನೆಯ ಶತಮಾನದ ತೂಕದ ಸುಂಕದ ಲೆಕ್ಕ ನೋಡಿ. ಕೊಳ್ಳುವವರು, ಮಾರುವವರು ಬಹುಪಾಲು ಸೊಗ್ದರೇ. ಸರಕುಗಳ ಪಟ್ಟಿಯಲ್ಲಿ ಬೆಳ್ಳಿ, ಸುಗಂಧದ್ರವ್ಯ, ಹಿತ್ತಾಳೆ, ಔಷಧಿ, ಜೊತೆಗೆ ನವಸಾಗರ. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ನವಸಾಗರ! ರೇಷ್ಮೆಯೂ ಇತ್ತು, ಅದು ಹಲವು ಕಡೆ ನಾಣ್ಯದ ಬದಲು ಚಲಾವಣೆಯಾಗುತ್ತಿತ್ತು. ಚೀನಾದ ಟಾಂಗ್ ಅರಸರು ಗಡಿಯ ಸೈನ್ಯಕ್ಕೆ ಸಂಬಳವನ್ನು ರೇಷ್ಮೆಯ ಥಾನುಗಳಲ್ಲಿ ಕಳಿಸುತ್ತಿದ್ದರು. ವ್ಯಾಪಾರ ಎಂದರೆ ಇದು: ತೂಕ, ಸುಂಕ, ಸಾಲ, ಸೈನ್ಯದ ಗುತ್ತಿಗೆ. ಇದನ್ನು ತೆಗೆದುಹಾಕಿ ರೇಷ್ಮೆ ಹಾದಿ ಎಂಬ ಮೆತ್ತನೆಯ ಒಂದು ಹೆಸರು, ಅದೂ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಭೂಗೋಳಕಾರರ ಕೊಡುಗೆ, ಉಳಿಸಿಕೊಂಡರೆ ಬೆವರೂ ಹೋಯಿತು, ಲೆಕ್ಕವೂ ಹೋಯಿತು.

ಸಂಸ್ಕೃತಿಗಳು ಕೂಡಿದ ಜಾಗ ಎಂಬ ಸಿಹಿಮಾತನ್ನೂ ಸುಮ್ಮನೆ ಬಿಡುವಂತಿಲ್ಲ. ಯುನೆಸ್ಕೊ 2001ರಲ್ಲಿ ಸಮರ್ಕಂದವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೇ ಈ ವಿಶೇಷಣದೊಂದಿಗೆ. ತುರ್ಫಾನಿನಲ್ಲೇ ಸಿಕ್ಕ 639ರ ಒಂದು ಕ್ರಯಪತ್ರವಿದೆ. ಸಮರ್ಕಂದದವನೊಬ್ಬ ಉಪಾಚ್ ಎಂಬ ದಾಸಿಯನ್ನು 120 ಬೆಳ್ಳಿ ನಾಣ್ಯಕ್ಕೆ ಒಬ್ಬ ಚೀನೀ ಭಿಕ್ಷುವಿಗೆ ಮಾರುತ್ತಾನೆ. ಕೊಂಡವನು ಅವಳನ್ನು ಹೊಡೆಯಬಹುದು, ಕಟ್ಟಿಹಾಕಬಹುದು, ಮಾರಬಹುದು, ದಾನ ಕೊಡಬಹುದು ಎಂದು ಪತ್ರ ಕರಾರುವಾಕ್ಕಾಗಿ ಪಟ್ಟಿ ಮಾಡುತ್ತದೆ. ಸೊಗ್ದ ವರ್ತಕ, ತುರ್ಕರ ನಾಡಿನಲ್ಲಿ ಹುಟ್ಟಿದ ಹೆಣ್ಣು, ಇರಾನಿನ ನಾಣ್ಯ, ಚೀನೀ ಬೌದ್ಧ: ನಾಲ್ಕು ಸಂಸ್ಕೃತಿಗಳು ಕೂಡಿದವು, ನಿಜ. ಉಪಾಚ್‌ಳನ್ನು ಯಾರಾದರೂ ಕೇಳಿದರೆ? ಅದೇ ಸೊಗ್ದರು 710ರ ಸುಮಾರಿನ ಒಂದು ಮದುವೆಯ ಕರಾರಿನಲ್ಲಿ ಹೆಂಡತಿಗೂ ಗಂಡನನ್ನು ಬಿಟ್ಟು ಹೋಗುವ ಹಕ್ಕನ್ನು ಸ್ಪಷ್ಟವಾಗಿ ಬರೆದರು, ಅದು ಮುಗ್ ಬೆಟ್ಟದ ಕೋಟೆಯಲ್ಲಿ ಸಿಕ್ಕಿತು. ಅವರನ್ನು ಸಂತರನ್ನಾಗಿ ಮಾಡಬೇಕಾಗಿಲ್ಲ. ಮನುಷ್ಯರನ್ನಾಗಿ ನೋಡಿದರೆ ಸಾಕು.

ಕಾಗದದ ಕಥೆ ಇನ್ನೊಂದು. 751ರಲ್ಲಿ ತಲಸ್ ನದಿಯ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರಿಂದ ಸಮರ್ಕಂದ ಕಾಗದದ ಗುಟ್ಟು ಕಿತ್ತುಕೊಂಡಿತು ಎಂದು ಎಲ್ಲರೂ ಬರೆಯುತ್ತಾರೆ. ಹಾಗಾದರೆ ನನೈವಂದಕ್ ಅದಕ್ಕಿಂತ ನಾಲ್ಕು ಶತಮಾನ ಮೊದಲು ಸಮರ್ಕಂದಕ್ಕೆ ಪತ್ರ ಬರೆದದ್ದು ಯಾವುದರ ಮೇಲೆ? ಕಾಗದದ ಮೇಲೆಯೇ. ಕಾಗದವನ್ನು ದಿನದಿನವೂ ಮುಟ್ಟಿ, ಕೊಂಡು, ಮಾರಿದ ವರ್ತಕರಿಗೆ ಅದರ ಪರಿಚಯವಾಗಲು ಒಂದು ಯುದ್ಧವೇ ಬೇಕಾಯಿತು ಎನ್ನುವ ಮನಸ್ಸು ಎಂಥದ್ದು? ದಂಡನಾಯಕರಿಲ್ಲದೆ ಚರಿತ್ರೆಯಲ್ಲಿ ಎಲೆಯೂ ಅಲುಗದು ಎಂಬ ನಂಬಿಕೆಯದ್ದು. ಚೆಂಗೀಸ್ ಖಾನ್ ಸಮರ್ಕಂದವನ್ನು ಹಾಳುಮಾಡಿದನೆಂದು ಹೇಳುವವರು ಅವನ ಮಂಗೋಲರು ಬರೆಯಲು ಕಲಿತ ಲಿಪಿ ಉಯ್ಘುರರ ಮೂಲಕ ಬಂದ ಸೊಗ್ದ ಲಿಪಿ ಎಂದು ಹೇಳುವುದಿಲ್ಲ. ಆ ಊರಿನ ನೀರಿನ ವಿಚಾರವೂ ಹೀಗೆಯೇ. ಎತ್ತರದ ಅಫ್ರಸಿಯಾಬಿಗೆ ಸೀಸ ಹೊದಿಸಿದ ಕಾಲುವೆಯಲ್ಲಿ ನೀರು ಬರುತ್ತಿತ್ತು. ಚಳಿಗಾಲ ಬೇಸಿಗೆ ಎನ್ನದೆ ಅದನ್ನು ನೋಡಿಕೊಳ್ಳುತ್ತಿದ್ದವರು ಊರಿನ ಜರತುಷ್ಟ್ರ ಮತದವರು, ಆ ಕೆಲಸಕ್ಕಾಗಿ ಅವರಿಗೆ ತಲೆಗಂದಾಯ ಮಾಫಿ ಎಂದು ಹತ್ತನೆಯ ಶತಮಾನದ ಅರಬ್ ಭೂಗೋಳಕಾರರು ಬರೆದಿದ್ದಾರೆ. ಸಹಬಾಳ್ವೆಯ ಭಾಷಣ ಮಾಡುವವರಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಕೆ? ಆದರೆ ಕಾಲುವೆಯ ಮುಂದೆ ಸೆಲ್ಫಿ ಚೆನ್ನಾಗಿ ಬರುವುದಿಲ್ಲ.

ಸೊಗ್ದರು ಅಳಿದುಹೋದರು ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅಳಿದಿಲ್ಲ. ಈಗಿನ ತಾಜಿಕಿಸ್ತಾನದಲ್ಲಿ, ಜರಫ್ಶಾನಿನ ಮೇಲ್ಕಣಿವೆಗಳಾಚೆಯ ಯಗ್ನೋಬ್‌ನಲ್ಲಿ ಅವರ ನುಡಿಯ ಸಂತಾನವಾದ ಯಗ್ನೋಬಿ ಭಾಷೆ ಉಳಿದುಬಂದಿತ್ತು. ಅರಬರು, ಮಂಗೋಲರು, ತೈಮೂರ ಯಾರೂ ತಲುಪಿ ಅಳಿಸಲಾಗದಿದ್ದ ಆ ಕಣಿವೆಗೆ 1970ರಲ್ಲಿ ಸೋವಿಯತ್ ಸರ್ಕಾರದ ಹೆಲಿಕಾಪ್ಟರುಗಳು ಬಂದವು. ಮನೆಮಂದಿಯನ್ನೆಲ್ಲ ತುಂಬಿಕೊಂಡು ಜಾಫರಾಬಾದಿನ ಸುಡುಬಯಲಿನ ಹತ್ತಿ ಹೊಲಗಳಿಗೆ ಇಳಿಸಿದವು. ತಂಪು ಬೆಟ್ಟದ ಜನ ಆ ಬಿಸಿಲಿನಲ್ಲಿ, ರೋಗದಲ್ಲಿ ಸತ್ತರು. ಅದೇ ದಶಕದಲ್ಲಿ, ಅದೇ ಸರ್ಕಾರ, ಇತ್ತ ಸಮರ್ಕಂದದಲ್ಲಿ ಗುಮ್ಮಟಗಳಿಗೆ ನೀಲಿ ಹೆಂಚು ಜೋಡಿಸುತ್ತಿತ್ತು. ಹೆಂಚಿಗೆ ಸಿಕ್ಕ ಕಾಳಜಿಯ ಕಾಲುಭಾಗ ಜೀವಂತ ಸೊಗ್ದರಿಗೆ ಸಿಗಲಿಲ್ಲ. ಪರಂಪರೆ ಎಂಬ ಪದವನ್ನು ನಾವು ಹೇಗೆ ಬಳಸುತ್ತೇವೆ ಎಂಬುದಕ್ಕೆ ಬೇರೆ ಪುರಾವೆ ಯಾಕೆ?

ಸ್ವತಂತ್ರ ಉಜ್ಬೆಕಿಸ್ತಾನ ಆ ದಾರಿ ಬಿಟ್ಟಿತೆ? ತೈಮೂರ ಹುಟ್ಟಿದ ಸೀಮೆಯ ಶಹರಿಸಬ್ಜ್ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಅದರ ನಡುವಿನ ಹಳೆಯ ಕೇರಿಗಳನ್ನು ನೆಲಸಮ ಮಾಡಿ, ಹುಲ್ಲುಹಾಸು, ಕಾರಂಜಿ, ಉದ್ದನೆಯ ಕಾಲುದಾರಿ ಮಾಡಿದರು, ಪ್ರತಿಮೆ ದೂರದಿಂದ ಚೆನ್ನಾಗಿ ಕಾಣಲಿ ಎಂದು. 2016ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಬೇಕಾಯಿತು. ಸಮರ್ಕಂದದಲ್ಲೂ ರೆಗಿಸ್ತಾನದಿಂದ ಬೀಬಿ ಖಾನಮ್‌ಗೆ ಹೋಗುವ ದಾರಿಯನ್ನು ಹಸನು ಮಾಡುವಾಗ ಪಕ್ಕದ ಮೊಹಲ್ಲಾಗಳು ಪ್ರವಾಸಿಯ ಕಣ್ಣಿಗೆ ಬೀಳದಂತೆ ಗೋಡೆ ಎಬ್ಬಿಸಿದರು. ಮಣ್ಣಿನ ಗೋಡೆ, ಒಳಂಗಳ, ದ್ರಾಕ್ಷಿ ಚಪ್ಪರ, ಅಂಗಳದಲ್ಲಿ ಹಿರಿಯರು ಚಹಾ ಕುಡಿಯುವ ಕಟ್ಟೆ, ಬೀದಿ ತಿರುವಿನಲ್ಲಿ ಪುಟ್ಟ ಮಸೀದಿ: ಊರು ಎಂದರೆ ಇದೇ. ಅದು ಮರೆಮಾಚಬೇಕಾದ ಕೊಳಕಾಯಿತು.

ಅದರ ಬದಲು ಏನು ಸಿಕ್ಕಿತು? 2022ರಲ್ಲಿ, ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆಗೆ ನಮ್ಮ ಪ್ರಧಾನಿಯೂ ಸೇರಿ ಹಲವು ದೇಶಗಳ ನಾಯಕರು ಸಮರ್ಕಂದಕ್ಕೆ ಬರುವ ಹೊತ್ತಿಗೆ, ಊರಿನ ಅಂಚಿನಲ್ಲಿ ಭಾರೀ ಹೋಟೆಲುಗಳ ಒಂದು ಪ್ರವಾಸಿ ಸಂಕೀರ್ಣ ಎದ್ದಿತು. ಅದರೊಳಗೆ ಶಾಶ್ವತ ನಗರ ಎಂಬ ಹೆಸರಿನ ಹೊಚ್ಚಹೊಸ ಪುರಾತನ ಊರು. ಹೊಸದಾಗಿ ಮಾಡಿದ ಹಳೆಯ ಗುಮ್ಮಟ, ಹೊಸದಾಗಿ ಮಾಡಿದ ಹಳೆಯ ಬೀದಿ, ವೇಷ ಹಾಕಿದ ಕುಶಲಕರ್ಮಿಗಳು. ನಿಜವಾದ ಹಳೆಯ ಬೀದಿಯ ನಿವಾಸಿಗಳಿಗೆ ಗೋಡೆ, ನಕಲಿ ಹಳೆಯ ಬೀದಿಗೆ ದೀಪಾಲಂಕಾರ. ಇದನ್ನು ನೋಡಿ ಅದ್ಭುತ ಎಂದು ರೀಲ್ಸ್ ಮಾಡುವವರಲ್ಲಿ ನಮ್ಮವರೂ ಇದ್ದಾರೆ.

ಗೋಡೆಯ ಹಿಂದಿನ ಜನ ಏನು ಮಾತಾಡುತ್ತಾರೆ ಎಂದು ಕೇಳಿದವರು ಕಡಿಮೆ. ಸಮರ್ಕಂದದ ಮನೆಗಳಲ್ಲಿ, ಬಜಾರಿನಲ್ಲಿ ಇಂದಿಗೂ ಎಲ್ಲೆಲ್ಲೂ ಕೇಳುವುದು ತಾಜಿಕ್, ಅಂದರೆ ಫಾರಸಿಯ ಒಂದು ರೂಪ. 1924ರಲ್ಲಿ ಸೋವಿಯತ್ ಅಧಿಕಾರಿಗಳು ಮಧ್ಯ ಏಷ್ಯಾವನ್ನು ಒಂದೊಂದು ಜನಾಂಗಕ್ಕೆ ಒಂದೊಂದು ಗಣರಾಜ್ಯ ಎಂದು ಕತ್ತರಿಸಿದಾಗ ಈ ಊರು ಉಜ್ಬೆಕಿಸ್ತಾನದ ಪಾಲಾಯಿತು, ಎಷ್ಟೋ ತಾಜಿಕರು ಕಾಗದದಲ್ಲಿ ಉಜ್ಬೆಕರಾದರು. ಮನೆಯಲ್ಲಿ ಒಂದು ಭಾಷೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಗುರುತು. ಶತಮಾನಗಳ ಕಾಲ ಇಲ್ಲೇ ನೂಲಿಗೆ ಬಣ್ಣ ಹಾಕುತ್ತ, ವ್ಯಾಪಾರ ಮಾಡುತ್ತ, ಹಾಡುತ್ತ ಬಂದ ಬುಖಾರಿ ಯೆಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೂ ನ್ಯೂಯಾರ್ಕಿನ ಕ್ವೀನ್ಸ್‌ಗೂ ಹೊರಟುಹೋದರು. ಕೂಡುದಾರಿಯ ಊರಿನಲ್ಲಿ ಕೂಡುವ ಜನವೇ ಕಡಿಮೆಯಾಗುತ್ತಿದ್ದಾರೆ, ಫಲಕ ಮಾತ್ರ ದೊಡ್ಡದಾಗುತ್ತಿದೆ.

ಇದರಲ್ಲಿ ದೊಡ್ಡ ದೇಶಗಳಿಗೂ ಲಾಭವಿದೆ. 2013ರಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಕಜಾಕಿಸ್ತಾನದಲ್ಲಿ ನಿಂತು ಹೊಸ ರೇಷ್ಮೆ ಹಾದಿಯ ಯೋಜನೆ ಸಾರಿದ ಮೇಲೆ ಹಳೆಯ ಕನಸು ರೈಲು, ಪೈಪ್‌ಲೈನು, ಸಾಲದ ಒಪ್ಪಂದಗಳ ಮೇಲುಹೊದಿಕೆಯಾಯಿತು. ಸಾಲಕ್ಕೆ ಸಾಲ ಎನ್ನುವುದಕ್ಕಿಂತ ಪ್ರಾಚೀನ ಸ್ನೇಹ ಎಂದರೆ ಕೇಳಲು ಇಂಪು. ಮಿವ್ನಾಯ್ ಇದ್ದಿದ್ದರೆ ಇದಕ್ಕೂ ಒಂದು ಖಾರದ ಪತ್ರ ಬರೆಯುತ್ತಿದ್ದಳೇನೋ.

ನಮ್ಮ ಮನೆಗೆ ಬರೋಣ. ಕನ್ನಡದ ಮಕ್ಕಳೆಲ್ಲ ಅಬ್ದುಲ್ ರಜಾಕ್ ಎಂಬ ಹೆಸರನ್ನು ಕಂಠಪಾಠ ಮಾಡಿದ್ದಾರೆ. 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದು ಏಳು ಸುತ್ತಿನ ಕೋಟೆಯನ್ನು ಹೊಗಳಿದವನು. ಪರೀಕ್ಷೆಯಲ್ಲಿ ಎರಡು ಅಂಕ. ಅವನ ಪೂರ್ತಿ ಹೆಸರಿನ ಕೊನೆಯಲ್ಲಿ ಸಮರ್ಕಂದಿ ಎಂದಿದೆ. ಹೆರಾತಿನಲ್ಲಿ ಹುಟ್ಟಿದವನು, ತೈಮೂರನ ಮಗ ಶಾರುಖ್‌ನ ರಾಯಭಾರಿ. ಅಪ್ಪ ದೆಹಲಿಯನ್ನು ಸುಲಿದ 45 ವರ್ಷಗಳ ಮೇಲೆ ಮಗನ ದೂತ ಹಂಪೆಯ ಅಂಗಡಿ ಸಾಲಿನಲ್ಲಿ ಹೂವು, ರತ್ನ ನೋಡುತ್ತ ಓಡಾಡಿದ. ಕರ್ನಾಟಕಕ್ಕೂ ಆ ಜಗತ್ತಿಗೂ ಇದಕ್ಕಿಂತ ಜೀವಂತ ಕೊಂಡಿ ಬೇಕೆ? ಆದರೆ ಅವನನ್ನು ನಾವು ಬಳಸಿಕೊಂಡದ್ದು ಪ್ರಶಂಸಾಪತ್ರ ಬರೆದುಕೊಟ್ಟ ಪರದೇಶಿಯಾಗಿ ಮಾತ್ರ. ಅವನು ಎಲ್ಲಿಂದ, ಯಾಕೆ ಬಂದ, ಅವನ ನಾಡಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳುವ ಕುತೂಹಲ ನಮ್ಮ ಪಠ್ಯಪುಸ್ತಕಕ್ಕೆ ಇಲ್ಲ. ನಮ್ಮನ್ನು ಹೊಗಳಿದರೆ ಸಾಕು, ಮಿಕ್ಕದ್ದು ನಮಗೇಕೆ? ಜೈಪುರದ ಜಯಸಿಂಹ ತನ್ನ ಖಗೋಳ ಕೋಷ್ಟಕಗಳಿಗೆ ಸಮರ್ಕಂದದಲ್ಲಿ 1,018 ನಕ್ಷತ್ರಗಳ ಪಟ್ಟಿ ಮಾಡಿದ ಉಲುಗ್ ಬೇಗ್‌ನ ಗ್ರಂಥವನ್ನು ಆಧರಿಸಿದ ಎಂಬುದೂ ನಮಗೆ ಬೇಡ. ಅಜ್ಜನ ತಲೆಬುರುಡೆಗಳ ಲೆಕ್ಕ ಗೊತ್ತು, ಮೊಮ್ಮಗನ ನಕ್ಷತ್ರಗಳ ಲೆಕ್ಕ ಗೊತ್ತಿಲ್ಲ. ಆ ಮೊಮ್ಮಗನನ್ನು 1449ರಲ್ಲಿ ಅವನ ಮಗನೇ ಕೊಲ್ಲಿಸಿದ, ಅವನು ಕಟ್ಟಿಸಿದ್ದ ವೀಕ್ಷಣಾಲಯ ಮಣ್ಣುಪಾಲಾಗಿ 1908ರವರೆಗೆ ಯಾರಿಗೂ ಸಿಗಲಿಲ್ಲ.

ಆದ್ದರಿಂದ ಕೇಳುವುದಿಷ್ಟು. ಉಜ್ಬೆಕ್ ಸರ್ಕಾರ ಸಮರ್ಕಂದದ ಮೊಹಲ್ಲಾಗಳಲ್ಲಿ ಇನ್ನೊಂದು ಮನೆಯನ್ನೂ ಪ್ರವಾಸೋದ್ಯಮದ ಹೆಸರಿನಲ್ಲಿ ಕೆಡವಬಾರದು. ಯುನೆಸ್ಕೊ ಮಸೀದಿ, ಗೋರಿಗಳ ಸುತ್ತ ಗೆರೆ ಎಳೆದು ಸುಮ್ಮನಾಗದೆ, ಅಲ್ಲಿ ಬಾಳುವವರ ಒಪ್ಪಿಗೆಯಿಲ್ಲದೆ ಒಂದು ಇಟ್ಟಿಗೆಯನ್ನೂ ಅಲುಗಿಸಬಾರದೆಂಬ ಷರತ್ತು ಹಾಕಬೇಕು, ಮುರಿದರೆ ಪಟ್ಟಿಯಿಂದ ಕಿತ್ತೆಸೆಯುವ ಎದೆಗಾರಿಕೆಯನ್ನೂ ತೋರಬೇಕು. ನಮ್ಮ ಟೂರ್ ಆಪರೇಟರುಗಳು ಅಫ್ರಸಿಯಾಬಿಗೆ ಅರ್ಧ ದಿನ ಕೊಡಲಿ, ಪಂಜಿಕೆಂಟ್‌ಗೆ ಗಡಿ ದಾಟಿಸಲಿ, ನಕಲಿ ಊರನ್ನು ಪಟ್ಟಿಯಿಂದ ತೆಗೆಯಲಿ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಆ ಸೊಗ್ದ ಪತ್ರಗಳನ್ನು, ಕರಾರುಗಳನ್ನು ಕನ್ನಡಕ್ಕೆ ತರಲಿ. ಇಂಗ್ಲಿಷಿನಲ್ಲಿ ಅವು ದಶಕಗಳಿಂದ ಸಿಗುತ್ತಿವೆ. ಪಠ್ಯಪುಸ್ತಕದಲ್ಲಿ ಅಬ್ದುಲ್ ರಜಾಕ್‌ನ ಹೆಸರಿನ ಮುಂದೆ ಅವನ ಊರೂ ಸೇರಲಿ.

ಪತ್ರಿಕೆಗಳ ಸಂಪಾದಕರಿಗೆ ಒಂದು ಬೇಡಿಕೆ. ಸಮರ್ಕಂದದ ಮೇಲೆ ಇನ್ನೊಂದು ಲೇಖನ ನಿಮ್ಮ ಮೇಜಿಗೆ ಬಂದಾಗ ಬರೆದವರನ್ನು ಕೇಳಿ: ನೀವು ಹೊಗಳಿದ ಕಟ್ಟಡವನ್ನು ಕಟ್ಟಿದ ಕೈ ಯಾವ ಊರಿನಿಂದ ಸೆರೆಯಾಗಿ ಬಂದದ್ದು? ನೀವು ಫೋಟೊ ತೆಗೆದ ಹುಲ್ಲುಹಾಸಿನ ಕೆಳಗೆ ಯಾರ ಮನೆಯಿತ್ತು? ಉತ್ತರ ಇಲ್ಲದಿದ್ದರೆ ಲೇಖನವನ್ನು ವಾಪಸು ಕಳಿಸಿ.